ವಿಎಂಸಿ ಕೋರ್ಸ್‌ಗೆ ದುಡ್ಡು ಕಟ್ಟೋ ಮುಂಚೆ ಮೆಷಿನ್‌ನ ಚಿಪ್ ಟ್ರೇ ಎಳೆದು ನೋಡಿ

ಪೀಣ್ಯದ ಕಡೆ ಕಂಬಕಂಬಕ್ಕೂ ಅಂಟಿಸಿರ್ತಾರಲ್ಲ, "45 ದಿನದಲ್ಲಿ ವಿಎಂಸಿ ಪ್ರೋಗ್ರಾಮರ್ ಕಮ್ ಸೆಟ್ಟರ್, ಸ್ವಂತ ಫಾನುಕ್ ಮೆಷಿನ್, ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಅಂತ, ಅಂಥ ಒಂದು ಕಡೆ ನನ್ನ ಅಕ್ಕನ ಮಗನ 38,000 ರೂಪಾಯಿ ಹೋಯ್ತು. ವಿಎಂಸಿ ಅಂದ್ರೆ ಪ್ರೋಗ್ರಾಂ ಪ್ರಕಾರ ಲೋಹ ಕೊರೆಯೋ ಮೆಷಿನ್, ಫಾನುಕ್ ಅದರ ಕಂಟ್ರೋಲ್‌ನ ಬ್ರ್ಯಾಂಡ್, ಸೆಟ್ಟರ್ ಅಂದ್ರೆ ಕೆಲಸ ಶುರುವಾಗೋ ಮುಂಚೆ ಮೆಷಿನ್ ಹೊಂದಿಸೋನು, ಚಿಪ್ ಅಂದ್ರೆ ಕೊರೆದಾಗ ಬೀಳೋ ಲೋಹದ ಚೂರು. ಸೇರಿಸಿದ್ದು ನಾನೇ. ದಿನಾ ಇಂಥದೇ ಮೆಷಿನ್ ಮುಂದೆ ನಿಲ್ಲೋನು ನಾನು, ಒಂದು ಸಲ ಹೋಗಿ ನೋಡದೆ ಫೋನಲ್ಲೇ ಮಾತಾಡಿ ದುಡ್ಡು ಹಾಕಿಸಿದೆ. ಅಕ್ಕ ಏನೂ ಅಂದಿಲ್ಲ, ಅದೇ ಜಾಸ್ತಿ ಸುಡ್ತಿದೆ.

ಅಡ್ಮಿಷನ್‌ಗೆ 8,000, ಮೊದಲ ವಾರದೊಳಗೆ ಉಳಿದ 30,000. ಹೇಳಿದ್ದು ಹೀಗೆ: 15 ದಿನ ಜಿ ಕೋಡ್ (ಮೆಷಿನ್‌ಗೆ ಕೊಡೋ ಆಜ್ಞೆಗಳು), 10 ದಿನ ಕ್ಯಾಮ್ ಸಾಫ್ಟ್‌ವೇರ್ (ಡ್ರಾಯಿಂಗ್‌ನಿಂದ ಪ್ರೋಗ್ರಾಂ ಮಾಡೋದು), 20 ದಿನ ಮೆಷಿನ್ ಮೇಲೆ. ಆ ಕೊನೇ 20 ದಿನಕ್ಕೇ ಅಲ್ವಾ ನಾವು ದುಡ್ಡು ಕೊಡೋದು? ಜಿ ಕೋಡ್ ಪಟ್ಟಿ ಫ್ರೀಯಾಗಿ ಎಲ್ಲಿ ಬೇಕಾದ್ರೂ ಸಿಗುತ್ತೆ.

ಆದದ್ದೇನು? 12 ಹುಡುಗರು, 5 ಕಂಪ್ಯೂಟರ್, 36 ದಿನ ಸಿಮ್ಯುಲೇಟರ್, ಅಂದ್ರೆ ಬರೀ ಸ್ಕ್ರೀನ್ ಮೇಲಿನ ಮೆಷಿನ್. ಮೆಷಿನ್ ಕೇಳಿದ್ರೆ "ಸ್ಪಿಂಡಲ್ ಡ್ರೈವ್ ರಿಪೇರಿಗೆ ಹೋಗಿದೆ, ಸೋಮವಾರ ಬರುತ್ತೆ." ಆ ಸೋಮವಾರ ಮೂರು ಸಲ ಬಂತು. ಆಮೇಲೆ ಆರಾರು ಜನರನ್ನ ಮೆಷಿನ್ ಮುಂದೆ ನಿಲ್ಲಿಸಿ ಪ್ಯಾನಲ್ ಬಟನ್‌ಗಳ ಹೆಸರು ಬರೆಸಿದ್ರು, ಹ್ಯಾಂಡ್‌ವೀಲ್ ಒಬ್ಬೊಬ್ಬರ ಕೈಲಿ ನಾಲ್ಕು ಸುತ್ತು ತಿರುಗಿಸಿದ್ರು. ಒಂದು ಕಟ್ಟರ್ ಹಾಕ್ಲಿಲ್ಲ. ಒಂದು ಜಾಬ್, ಅಂದ್ರೆ ಕೊರೆಯೋ ತುಂಡು, ಮೆಷಿನ್‌ಗೆ ಬಿಗಿಯಲಿಲ್ಲ. ಸರ್ಟಿಫಿಕೇಟ್‌ನಲ್ಲಿ ಮಾತ್ರ "120 ಗಂಟೆ ಮೆಷಿನ್ ಪ್ರಾಕ್ಟಿಕಲ್."

ಸಿಮ್ಯುಲೇಟರ್ ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಅದರಲ್ಲಿ ಜಾಬ್ ಹಿಡಿಯೋ ವೈಸ್ ಯಾವಾಗಲೂ ನೆಟ್ಟಗಿರುತ್ತೆ, ಟೂಲ್ ಉದ್ದ ಯಾವಾಗಲೂ ಸರಿ ಇರುತ್ತೆ, ಟೂಲ್ ಹಿಡಿಯೋ ಕೋಲೆಟ್ ಸಡಿಲ ಆಗಲ್ಲ. ಶಾಪ್‌ನಲ್ಲಿ ಸೆಟ್ಟರ್‌ಗೆ ಸಂಬಳ ಕೊಡೋದೇ ಈ ಮೂರಕ್ಕೆ. ವೈಸ್ ಟೇಬಲ್ ಮೇಲೆ ಇಟ್ಟು, ಬೋಲ್ಟ್ ಅರ್ಧ ಬಿಗಿ ಮಾಡಿ, ಅಳತೆಯ ಡಯಲ್‌ನ ಸ್ಪಿಂಡಲ್‌ಗೆ (ಟೂಲ್ ತಿರುಗಿಸೋ ಭಾಗಕ್ಕೆ) ಅಂಟಿಸಿ, ವೈಸ್‌ನ ಫಿಕ್ಸ್ ದವಡೆ ಉದ್ದಕ್ಕೂ ಎಕ್ಸ್‌ನಲ್ಲಿ (ಎಡ-ಬಲಕ್ಕೆ) ಓಡಿಸಿ 0.01 ಮಿ.ಮೀ. ಒಳಗೆ ತರಬೇಕು. ಪೂರ್ತಿ ಬಿಗಿ ಮಾಡಿದ ಮೇಲೆ ಇನ್ನೊಂದು ಸಲ ನೋಡಬೇಕು, ಯಾಕಂದ್ರೆ ಬಿಗಿ ಮಾಡುವಾಗಲೇ ಅದು ಸರಿಯೋದು. ಇದನ್ನ ಯಾವ ಸ್ಕ್ರೀನೂ ಕಲಿಸಲ್ಲ.

ಹುಡುಗ ಸರ್ಟಿಫಿಕೇಟ್ ತಗೊಂಡು ಒಂದು ಜಾಬ್ ಶಾಪ್‌ಗೆ, ಅಂದ್ರೆ ಆರ್ಡರ್ ಮೇಲೆ ಪಾರ್ಟ್ ಮಾಡಿಕೊಡೋ ವರ್ಕ್‌ಶಾಪ್‌ಗೆ, ಟ್ರೇಡ್ ಟೆಸ್ಟ್‌ಗೆ ಹೋದ. ಕೊಟ್ಟಿದ್ದು ಸುಲಭದ ಕೆಲಸ. 25 ಮಿ.ಮೀ. ದಪ್ಪದ ಎಂಎಸ್ (ಸಾಮಾನ್ಯ ಉಕ್ಕು) ಬ್ಲಾಕ್, ಜಿ54 (ಜಾಬ್‌ನ ಝೀರೋ ಎಲ್ಲಿದೆ ಅಂತ ಮೆಷಿನ್‌ಗೆ ತೋರಿಸೋ ಆಫ್‌ಸೆಟ್) ತಗೊ, ನಾಲ್ಕು 8.5 ಹೋಲ್ ಹಾಕು, ಎಂ10 ಟ್ಯಾಪ್ ಮಾಡು, ಅಂದ್ರೆ ಒಳಗೆ ಥ್ರೆಡ್ ಹಾಕು. ಪ್ರೋಗ್ರಾಂ ಪೇಪರ್ ಮೇಲೆ ನೀಟಾಗಿ ಬರೆದ, ಟ್ಯಾಪಿಂಗ್‌ಗೆ 300 ಆರ್‌ಪಿಎಂ, ಪಿಚ್ 1.5, ಫೀಡ್ 450 ಅಂತ ಸರಿಯಾಗೇ ಹಾಕಿದ. ಮೆಷಿನ್ ಹತ್ರ ಹೋದಾಗ ಕೈ ನಿಂತುಹೋಯ್ತು. ಅಂಚು ಹುಡುಕೋ 10 ಮಿ.ಮೀ. ಎಡ್ಜ್ ಫೈಂಡರ್‌ನ ಜಾಬ್‌ನ ಎಡಗಡೆ ತಾಗಿಸಿದಾಗ ಸ್ಪಿಂಡಲ್ ಸೆಂಟರ್ ಅಂಚಿಗಿಂತ 5 ಮಿ.ಮೀ. ಎಡಕ್ಕಿರುತ್ತೆ. ಎಕ್ಸ್-5. ಅಂತ ಒತ್ತಿ ಮೆಷರ್ ಕೊಡಬೇಕು. ಇವನು ಎಕ್ಸ್5. ಕೊಟ್ಟ. ಮೈನಸ್ ಒಂದು ತಪ್ಪಿದ್ದಕ್ಕೆ ಝೀರೋ ಪೂರ್ತಿ 10 ಮಿ.ಮೀ. ಸರಿಯಿತು. ಅಲ್ಲಿನ ಸೆಟ್ಟರ್ ಒಳ್ಳೆಯವರು, ಸ್ಟಾರ್ಟ್ ಒತ್ತೋ ಮುಂಚೆ ನಿಲ್ಲಿಸಿ ಕೇಳಿದ್ರಂತೆ, "ತಮ್ಮಾ, ಒಂದ್ಸಲನಾದ್ರೂ ಆಫ್‌ಸೆಟ್ ತಗೊಂಡಿದ್ಯೇನಪ್ಪ?"

ಇಷ್ಟಾದ್ರೂ ನಾನು ಅವನಿಗೆ ಅಭ್ಯಾಸ ಸಾಲದು ಅಂದ್ಕೊಂಡಿದ್ದೆ. ನಿಜ ಗೊತ್ತಾಗಿದ್ದು ಪೀಸ್ ನೋಡಿದಾಗ.

ಕೋರ್ಸ್ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಅಲ್ಯುಮಿನಿಯಂ ಪೀಸ್ ಕೊಡ್ತಾರೆ, ಹೆಸರಿನ ಸ್ಟಿಕರ್ ಹಚ್ಚಿ, "ಇಂಟರ್‌ವ್ಯೂನಲ್ಲಿ ಇದನ್ನ ತೋರಿಸಿ" ಅಂತ. ಜೊತೆಗೆ ಅದರ ಪ್ರೋಗ್ರಾಂ ಪ್ರಿಂಟ್. ಪ್ರಿಂಟ್‌ನಲ್ಲಿ ಪಾಕೆಟ್‌ಗೆ (ಒಳಗೆ ಕೊರೆದ ಗುಳಿಗೆ) ಇರೋದು ಒಂದೇ ಟೂಲ್, 12 ಮಿ.ಮೀ. ಎಂಡ್ ಮಿಲ್ ಕಟ್ಟರ್. 12ರ ಕಟ್ಟರ್ ಒಳಮೂಲೆಯಲ್ಲಿ ಆರ್6 (6 ಮಿ.ಮೀ. ರೇಡಿಯಸ್) ಬಿಡಲೇಬೇಕು, ಅದಕ್ಕಿಂತ ಚಿಕ್ಕದು ಅದರ ಕೈಲಿ ಆಗಲ್ಲ. ನಾನು ರೇಡಿಯಸ್ ಗೇಜ್ ಇಟ್ಟೆ. ಆರ್6 ಎಲೆ ಮೂಲೆಗೆ ಕೂರ್ಲಿಲ್ಲ, ಎರಡು ಕಡೆ ಗೋಡೆಗೆ ತಾಗಿ ಮೂಲೆಯಲ್ಲಿ ಬೆಳಕು ಕಾಣ್ತಿತ್ತು. ಆರ್5, ಅದೂ ಇಲ್ಲ. ಆರ್4 ಸರಿಯಾಗಿ ಕೂತ್ಕೊಳ್ತು. ನಾಲ್ಕೂ ಮೂಲೆ ಆರ್4. ಅಂದ್ರೆ 8 ಅಥವಾ ಅದಕ್ಕಿಂತ ಸಣ್ಣ ಕಟ್ಟರ್‌ನಲ್ಲಿ ಬೇರೆ ಎಲ್ಲೋ, ಬೇರೆ ಯಾರೋ ಮಾಡಿದ ಪೀಸ್. ಹುಡುಗನ್ನ ಕೇಳಿದೆ, "ಇದನ್ನ ನೀನೇ ಕಟ್ ಮಾಡಿದ್ದಾ?" "ಇಲ್ಲ ಮಾಮ, ಎಲ್ಲರಿಗೂ ಇದೇ ಕೊಟ್ರು." ಹನ್ನೆರಡು ಜನಕ್ಕೂ ಒಂದೇ ಪೀಸ್.

ಆ ಶನಿವಾರವೇ ಕೋರ್ಸ್ ನಡೆಸೋ ಜಾಗಕ್ಕೆ ಹೋದೆ. ಮೊದಲೇ ಹೋಗಬೇಕಿತ್ತು, ಮೊದಲೇ. ಮೆಷಿನ್ ಆನ್ ಮಾಡಿಸಿದೆ. ಸ್ಕ್ರೀನ್ ಮೇಲೆ ಎಪಿಸಿ ಅಲಾರಂ, ಹೋಮ್ ರಿಟರ್ನ್ ಕೇಳ್ತಿದೆ. ಪವರ್ ಇಲ್ಲದಾಗ ಆಕ್ಸಿಸ್ ಪೊಸಿಷನ್ ನೆನಪಿಟ್ಟುಕೊಳ್ಳೋ ಬ್ಯಾಟರಿ ಸತ್ತರೆ ಬರೋ ಅಲಾರಂ ಅದು. ಮತ್ತೆ ಹೋಮ್ ಸೆಟ್ ಮಾಡೋವರೆಗೂ ಪ್ರೋಗ್ರಾಂ ಓಡಲ್ಲ. ಲೂಬ್ ಆಯಿಲ್ ಟ್ಯಾಂಕ್ ತಳ ಕಾಣ್ತಿತ್ತು. ಕೂಲಂಟ್ ಟ್ಯಾಂಕ್ ಒಣಗಿ ಬಿಳಿ ಪದರ ಕಟ್ಟಿತ್ತು. ಚಿಪ್ ಟ್ರೇ ಎಳೆದೆ. ಒಂದು ಚಿಪ್ ಇಲ್ಲ. ವಾರಕ್ಕೆ ಒಂದು ಅಲ್ಯುಮಿನಿಯಂ ಜಾಬ್ ಕಟ್ ಮಾಡಿದ್ರೂ ಟೇಬಲ್‌ನ ಟಿ-ಸ್ಲಾಟ್ ಮೂಲೆಯಲ್ಲಾದ್ರೂ ನಾಲ್ಕು ಚೂರು ಸಿಕ್ಕಿಹಾಕಿಕೊಂಡಿರ್ತಾವೆ. ಬರೀ ಧೂಳು.

ಆಗ ಅವರು ಕೊಟ್ಟ ಉತ್ತರಗಳನ್ನ ಹಾಗೇ ಬರೀತೀನಿ.

ಪೀಸ್ ಬಗ್ಗೆ: "ಸಾರ್, ಅದು ಸ್ಯಾಂಪಲ್. ಸ್ಟೂಡೆಂಟೇ ಮಾಡಿದ್ದು ಅಂತ ನಾವೆಲ್ಲಿ ಹೇಳಿದ್ವಿ?"

120 ಗಂಟೆ ಬಗ್ಗೆ: "ಸಿಮ್ಯುಲೇಟರೂ ಪ್ರಾಕ್ಟಿಕಲ್ಲೇ ಸಾರ್."

ಸರ್ಟಿಫಿಕೇಟ್‌ನಲ್ಲಿ ಮೆಷಿನ್ ಪ್ರಾಕ್ಟಿಕಲ್ ಅಂತಿದೆಯಲ್ಲ ಅಂದ್ರೆ: "ಫಾರ್ಮ್ಯಾಟ್ ಹಂಗಿದೆ."

ಕೆಲಸದ ಗ್ಯಾರಂಟಿ ಬಗ್ಗೆ: "ಇಂಟರ್‌ವ್ಯೂಗೆ ಕಳಿಸಿದ್ವಲ್ಲ, ಪಾಸಾಗೋದು ಅವನ ಕೈಲಿದೆ."

ಕೊನೆಗೆ ದುಡ್ಡು ವಾಪಸ್ ಕೇಳಿದಾಗ: "ನಾನ್ ರಿಫಂಡಬಲ್ ಅಂತ ಸೈನ್ ಮಾಡಿದ್ದಾನೆ. ನೀವೇ ಫೀಲ್ಡ್‌ನಲ್ಲಿರೋರು, ಸೇರಿಸೋ ಮುಂಚೆ ನೋಡಬಾರದಿತ್ತಾ ಸಾರ್?"

ಈ ಕೊನೇ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಸುಮ್ಮನೆ ಎದ್ದು ಬಂದೆ.

ನನ್ನ ಸಿಟ್ಟು ಬರೀ ದುಡ್ಡಿಗಲ್ಲ. ಈ ಸರ್ಟಿಫಿಕೇಟ್ ನೋಡಿ ಯಾರಾದ್ರೂ ಈ ಹುಡುಗರನ್ನ ನೈಟ್ ಶಿಫ್ಟ್‌ಗೆ ಒಬ್ಬರನ್ನೇ ಬಿಟ್ರೆ? ಕಂಟ್ರೋಲ್ ಸೆಟ್ಟಿಂಗ್ ಪ್ರಕಾರ ಎಷ್ಟೋ ಫಾನುಕ್‌ಗಳಲ್ಲಿ ಜಡ್50 (ಜಡ್ ಅಂದ್ರೆ ಮೇಲೆ-ಕೆಳಗೆ) ಅಂತ ದಶಮಾಂಶ ಪಾಯಿಂಟ್ ಇಲ್ಲದೆ ಹೊಡೆದರೆ ಅದು 50 ಮಿ.ಮೀ. ಅಲ್ಲ, 0.05. ಮೇಲೆ ನಿಲ್ಲಬೇಕಾದ ಟೂಲ್ ರಾಪಿಡ್‌ನಲ್ಲಿ, ಅಂದ್ರೆ ಫುಲ್ ಸ್ಪೀಡ್‌ನಲ್ಲಿ, ಜಾಬ್ ತನಕ ಇಳಿದು ಪಕ್ಕದ ಕ್ಲ್ಯಾಂಪ್‌ಗೆ ಹೋಗಿ ಹೊಡೆಯುತ್ತೆ. ಟೂಲ್ ಉದ್ದವನ್ನ ಪ್ಲಸ್‌ನಲ್ಲಿ ಹಾಕೋ ಶಾಪ್‌ನಲ್ಲಿ ಆ ಉದ್ದವನ್ನ ಲೆಕ್ಕಕ್ಕೆ ತಗೊಳ್ಳೋ ಜಿ43 ಬಿಟ್ಟುಹೋದ್ರೆ, 120 ಮಿ.ಮೀ. ಟೂಲ್ ಇದ್ದರೆ ಅಷ್ಟೂ 120 ಕೆಳಗೆ ಗುದ್ದುತ್ತೆ. ಒಂದನೇ ಟೂಲ್ (ಟಿ01) ಹಾಕಿ, ಅದಕ್ಕಿಂತ ಗಿಡ್ಡ ಇರೋ ಎರಡನೇ ಟೂಲ್‌ನ ಉದ್ದ (ಎಚ್02) ಕರೆದ್ರೂ ಗುದ್ದುತ್ತೆ. ಅದಕ್ಕೇ ಮೊದಲ ಪೀಸ್‌ಗೆ ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸೋದು) ಆನ್, ರಾಪಿಡ್ 25 ಪರ್ಸೆಂಟ್ ಅಥವಾ ಕಡಿಮೆ, ಜಡ್ ಇಳಿಯುವಾಗ ಜಾಬ್‌ನಿಂದ ಒಂದು ಕೈಯಷ್ಟು ಮೇಲಿರುವಾಗಲೇ ಓಟ ನಿಲ್ಲಿಸೋ ಫೀಡ್ ಹೋಲ್ಡ್ ಒತ್ತಿ, ಸ್ಕ್ರೀನ್‌ನಲ್ಲಿ ಡಿಸ್ಟೆನ್ಸ್ ಟು ಗೋ ಎಷ್ಟು ಉಳಿದಿದೆ, ಕಣ್ಣಿಗೆ ಎಷ್ಟು ಕಾಣುತ್ತೆ, ಎರಡೂ ತಾಳೆ ಆದ್ರೆ ಮಾತ್ರ ಮುಂದೆ. 45 ದಿನದಲ್ಲಿ ಒಂದು ದಿನವೂ ಇದನ್ನ ಅಲ್ಲಿ ಹೇಳಿಕೊಟ್ಟಿಲ್ಲ. ಸ್ಪಿಂಡಲ್ ಹೋದ್ರೆ ಓನರ್‌ಗೆ ಲಕ್ಷಗಟ್ಟಲೆ ನಷ್ಟ, ಹುಡುಗನ ಹೆಸರಿಗೆ ಮಸಿ. ಡೋರ್ ತೆಗೆದಿಟ್ಟು ಓಡಿಸ್ತಿದ್ದರೆ ಜೀವಕ್ಕೇ ಬರುತ್ತೆ.

ಸೇರೋರು ಇಷ್ಟು ಮಾಡಿ. ಬೆಳಿಗ್ಗೆ ಬ್ಯಾಚ್ ನಡೀವಾಗ ಹೇಳದೆ ಹೋಗಿ. ಮೆಷಿನ್ ಆನ್ ಮಾಡಿಸಿ ಅಲಾರಂ ನೋಡಿ, ಚಿಪ್ ಟ್ರೇ ಎಳೆಸಿ, ಕೂಲಂಟ್‌ಗೆ ಬೆರಳಿಡಿ. ಓದ್ತಿರೋ ಹುಡುಗನ ಕೈಲಿ ನಿಮ್ಮ ಮುಂದೆ ಜಿ54 ತಗೊಳ್ಳೋಕೆ ಹೇಳಿ, ಮಾಸ್ಟರ್ ಕೈಲಲ್ಲ. "ಇವತ್ತು ಮೆಷಿನ್ ಸರ್ವೀಸ್‌ನಲ್ಲಿದೆ" ಅಂದ್ರೆ ವಾಪಸ್ ಬನ್ನಿ, ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಮೊದಲು ವಿಚಾರಿಸಿ. ಅಲ್ಲಿ ಸೀಟ್ ಸಿಗದಿದ್ರೆ ಯಾವುದಾದ್ರೂ ಜಾಬ್ ಶಾಪ್‌ನಲ್ಲಿ ಆರು ತಿಂಗಳು ಹೆಲ್ಪರ್ ಆಗಿ ನಿಂತ್ಕೊಳ್ಳಿ. ಸಂಬಳ ಕಡಿಮೆ, ಆದ್ರೆ ಕೈಗೆ ಕೆಲಸ ಬರುತ್ತೆ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀವಿ. ಹನ್ನೆರಡರಲ್ಲಿ ನಾಲ್ಕು ಹುಡುಗರು ನಮ್ಮ ಜೊತೆ ಇದ್ದಾರೆ. ಹಿಂದಿನ ಬ್ಯಾಚ್‌ನವರು ಯಾರಾದ್ರೂ ಇದನ್ನ ಓದ್ತಿದ್ರೆ, ಅಲ್ಲಿ ಕೊಟ್ಟ ಪೀಸ್ ಬಿಸಾಕಬೇಡಿ. ರೇಡಿಯಸ್ ಗೇಜ್ ಇಟ್ಟು ಪ್ರಿಂಟ್‌ನಲ್ಲಿರೋ ಟೂಲ್ ಜೊತೆ ತಾಳೆ ನೋಡಿ, ಗೇಜ್ ಕೂತಿರೋ ಹಾಗೇ ಫೋಟೋ ತೆಗೆದು, ಫೀಸ್ ರಸೀದಿ ಜೊತೆ ಎತ್ತಿಟ್ಕೊಳ್ಳಿ.