ಹೊತ್ತಿನ ಹೊತ್ತಗೆಗೆ ಚಿನ್ನ ಕೂರಿಸುವ ಕಿಟ್: ಮುಂಬಯಿ ಹವೆಗೆ ಒಗ್ಗುತ್ತದೆಯೇ?

ಯುರೋಪಿನ ರಾಣಿಯರು, ಸಿರಿವಂತ ಮನೆತನದ ಹೆಂಗಸರು ದಿನದ ಎಂಟು ಹೊತ್ತಿನ ಪ್ರಾರ್ಥನೆಗೆಂದು ಬರೆಸಿಕೊಳ್ಳುತ್ತಿದ್ದ ‘ಬುಕ್ ಆಫ್ ಅವರ್ಸ್’ಗೆ ಕನ್ನಡದಲ್ಲಿ ‘ಹೊತ್ತಿನ ಹೊತ್ತಗೆ’ ಎನ್ನಬಹುದು. ಅದರ ಒಂದು ಪುಟವನ್ನು ಹಳೆಯ ಕ್ರಮದಲ್ಲೇ ಮಾಡುವ ಕಿಟ್ ಪುಣೆಯಿಂದ ಬರುತ್ತಿದೆ. ಒಳಗೆ 23 ಕ್ಯಾರೆಟ್ಟಿನ 10 ಚಿನ್ನದ ರೇಕು, ಆಡಿನ ಚರ್ಮದ 2 ಹಾಳೆ, ಗೆಸ್ಸೊ (ಚಿನ್ನದಡಿ ಉಬ್ಬಾಗಿ ಹಚ್ಚುವ ಅಂಟುಲೇಪ) ಬಿಲ್ಲೆಗಳು, ಮೆರುಗು ಕೊಡಲು ಅಕೀಕ್ ಕಲ್ಲಿನ ಕಡ್ಡಿ, ನುಣುಪಾದ ಅರೆಪಾರದರ್ಶಕ ಗ್ಲಾಸಿನ್ ಕಾಗದ, ಗೌಶ್ ಎಂಬ ದಟ್ಟ ಜಲವರ್ಣಗಳಿವೆ. ಬೆಲೆ ಜಾಸ್ತಿಯೇ. ಆದರೆ ರೇಕು ಅಪ್ಪಟ, ಕಲ್ಲಿನ ತುದಿಗೆ ಒಂದು ಗೀರೂ ಇಲ್ಲ. ಈ ಎರಡಕ್ಕಾಗಿಯೇ ಕೊಳ್ಳಬಹುದು.

ಸೂಚನೆಯ ಹಾಳೆಯನ್ನು ಮಾತ್ರ ನಂಬಬೇಡಿ. ಬಣ್ಣ ಮೊದಲು, ಚಿನ್ನ ಆಮೇಲೆ ಎಂದಿದೆ, ಇದು ತಲೆಕೆಳಗು. ಬಣ್ಣದಲ್ಲಿ ಗೋಂದು ಇರುವುದರಿಂದ ರೇಕು ಅದಕ್ಕೂ ಹಿಡಿದುಕೊಳ್ಳುತ್ತದೆ, ಕಲ್ಲಿನಿಂದ ಉಜ್ಜುವಾಗ ಬಣ್ಣವೂ ಏಳುತ್ತದೆ. ಅಕ್ಷರ, ರೇಖೆ, ಗೆಸ್ಸೊ, ಚಿನ್ನ, ಬಣ್ಣ, ಕಪ್ಪು ಅಂಚು, ಕೊನೆಗೆ ಬಿಳಿ ಗೆರೆ: ಕ್ರಮ ಇದು.

ಇನ್ನು ಗೆಸ್ಸೊ. ಕೆಲಸ ಗೆಲ್ಲುವುದೂ ಸೋಲುವುದೂ ಇಲ್ಲೇ. ಪ್ಲಾಸ್ಟರ್, ಸಕ್ಕರೆ, ಮೀನಿನ ಅಂಟು ಸೇರಿದ ಬಿಲ್ಲೆಯನ್ನು ಕೆಲವು ಹನಿ ನೀರಿನಲ್ಲಿ ನೆನೆಸಿ, ಗುಳ್ಳೆ ಏಳದಂತೆ ಮೆಲ್ಲಗೆ ಕಲಸಬೇಕು. ಎದ್ದ ಗುಳ್ಳೆಯನ್ನು ಸೂಜಿಯಿಂದ ಒಡೆಯದೆ ಬಿಟ್ಟರೆ ಚಿನ್ನದಲ್ಲಿ ತೂತು ಖಂಡಿತ. ಒಂದೇ ಸಲ ದಪ್ಪಗೆ ಹಚ್ಚಿದರೆ ಒಣಗುವಾಗ ಬಿರುಕು ಬಿಡುತ್ತದೆ. ತೆಳ್ಳಗೆ ಮೂರು ಸಲ ಹಚ್ಚಿ, ರಾತ್ರಿಯಿಡೀ ಒಣಗಲು ಬಿಡಿ. ಮರುದಿನ ಕಾಗದದ ಕೊಳವೆಯಿಂದ ಮೂರು ನಾಲ್ಕು ಸಲ ಬಿಸಿಯುಸಿರು ಬಿಟ್ಟರೆ ಸಕ್ಕರೆ ತೇವ ಹೀರಿ ಮೇಲ್ಮೈ ಅಂಟಂಟಾಗುತ್ತದೆ. ತಕ್ಷಣ ರೇಕು ಇಟ್ಟು ಗ್ಲಾಸಿನ್ ಮೇಲಿಂದ ಒತ್ತಿ. ಅರ್ಧ ಗಂಟೆ ಬಿಟ್ಟು ಕಲ್ಲನ್ನು ಬಟ್ಟೆಗೆ ತಿಕ್ಕಿ ಬೆಚ್ಚಗೆ ಮಾಡಿಕೊಂಡು ಉಜ್ಜಿ. ಮಂಕಾಗಿದ್ದ ಹಳದಿ ಕನ್ನಡಿಯಂತೆ ಬೆಳಗುವುದನ್ನು ಕಣ್ಣಾರೆ ನೋಡಬೇಕು.

ಮುಂಬಯಿ ಮಳೆಗಾಲದಲ್ಲಿ ಇದೇ ಸಕ್ಕರೆ ಶತ್ರು. ಉಸಿರು ಬಿಡುವ ಮೊದಲೇ ಗೆಸ್ಸೊ ಒದ್ದೆಯಾಗಿರುತ್ತದೆ, ಕಲ್ಲು ಜಾರದೆ ರೇಕನ್ನು ಕಿತ್ತೆಳೆಯುತ್ತದೆ, ಚರ್ಮದ ಹಾಳೆ ಅಲೆಯಲೆಯಾಗಿ ಏಳುತ್ತದೆ. ಏಸಿ ಹಾಕಿದರೆ ತದ್ವಿರುದ್ಧ: ಎಷ್ಟು ಊದಿದರೂ ಅಂಟೇ ಬರುವುದಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು, ಫ್ಯಾನ್ ನಿಲ್ಲಿಸಿ ಕೂರುವುದು ಉತ್ತಮ. ಮಾಟುಂಗ, ಡೊಂಬಿವಲಿ ಕಡೆ ಮೈಸೂರು ಶೈಲಿಯ ಚಿತ್ರಗಳಲ್ಲಿ ಗೆಸ್ಸೊ ಎತ್ತಿ ರೇಕು ಅಂಟಿಸಿ ರೂಢಿಯಿರುವ ಕನ್ನಡಿಗರಿಗೆ ಕೈ ಬೇಗ ಪಳಗುತ್ತದೆ.

ವಿನ್ಯಾಸದ ಆಯ್ಕೆ ಮೆಚ್ಚುವಂಥದ್ದು. ಬೆಳಗಿನ ಮೊದಲ ಪ್ರಾರ್ಥನೆ ‘ದೋಮಿನೆ’ (ಲ್ಯಾಟಿನ್ನಲ್ಲಿ ‘ಪ್ರಭುವೇ’) ಎಂದು ಶುರುವಾಗುವುದರಿಂದ ದೊಡ್ಡ ‘ಡಿ’ ಅಕ್ಷರ, ಸುತ್ತ ಐವಿ ಬಳ್ಳಿ. ಆದರೆ ಎ5 ಅಳತೆಗೆ ಹಿಗ್ಗಿಸಿದ್ದರಿಂದ ಬಳ್ಳಿಯ ಗೆರೆ ಹಗ್ಗದಂತಾಗಿದೆ. 1324–28ರ ಸುಮಾರಿಗೆ ಝಾನ್ ಪುಸೆಲ್ ಫ್ರಾನ್ಸಿನ ರಾಣಿ ಝಾನ್ ದೆವ್ರೋಗೆ ಚಿತ್ರಿಸಿದ ಹೊತ್ತಗೆ ಈಗ ನ್ಯೂಯಾರ್ಕಿನ ಕ್ಲಾಯ್ಸ್ಟರ್ಸ್ ಸಂಗ್ರಹಾಲಯದಲ್ಲಿದೆ. ಅದರ ಹಾಳೆ ಬರೀ 9 ಸೆಂ.ಮೀ. ಎತ್ತರ, ಅಂಗೈಯಲ್ಲಿ ಹಿಡಿಯುವಷ್ಟು. ಮೊದಲ ಹಾಳೆಯಲ್ಲಿ ಕೈ ಕುದುರಿಸಿಕೊಂಡು, ಎರಡನೆಯದನ್ನು ಆ ಅಳತೆಗೆ ಕತ್ತರಿಸಿ ಮಾಡಿ.

ರೇಕು ಮುಗಿದರೆ ಹಿತ್ತಾಳೆಯ ನಕಲಿ ರೇಕು ತರಬೇಡಿ. ದಪ್ಪವಿರುತ್ತದೆ, ಮೆರುಗು ಬಾರದು, ಕಾಲಕ್ರಮೇಣ ಕಪ್ಪಾಗುತ್ತದೆ. ಉದುರಿದ ಚೂರುಗಳನ್ನು ಕೂಡಿಟ್ಟು ಜೇನಿನಲ್ಲಿ ಅರೆದು, ನೀರಿನಲ್ಲಿ ತೊಳೆದು, ಚೂರು ಗೋಂದು ಬೆರೆಸಿದರೆ ಕುಂಚದಲ್ಲಿ ಬಳಿಯುವ ಚಿನ್ನ ಸಿದ್ಧ. ಐವಿ ಎಲೆಯ ನರಗಳಿಗೆ ಅಷ್ಟು ಸಾಕು.