ಬೆಳಗಾವಿ ಸುತ್ತ ಎಚ್‌ಆರ್ ಕೆಲಸ ಹುಡುಕುವ ದಾರಿಗಳು: ನೌಕ್ರಿಯೋ, ಕನ್ಸಲ್ಟನ್ಸಿಯೋ, ಕಾರ್ಖಾನೆಯ ಗೇಟೋ?

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಅಥವಾ ಎಂಬಿಎ ಮುಗಿಸಿ, ಕೆಲ ವರ್ಷ ಹಾಜರಿ, ಸಂಬಳ, ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಎಲ್ಲ ನಿಭಾಯಿಸಿದವರೂ ಬೆಳಗಾವಿ ಸುತ್ತ ಎಚ್‌ಆರ್ ಕೆಲಸಕ್ಕಾಗಿ ತಿಂಗಳುಗಟ್ಟಲೆ ಅಲೆಯುತ್ತಾರೆ. ಕಾರ್ಖಾನೆಗಳಿಲ್ಲ ಅಂತಲ್ಲ. ಉದ್ಯಮಬಾಗದಲ್ಲಿ ಫೌಂಡ್ರಿ, ಮಶೀನ್ ಶಾಪುಗಳ ಸಾಲೇ ಇದೆ. ಮಚ್ಛೆ, ಹೊನಗಾ, ಕಾಕತಿ, ಹತ್ತರಗಿ ಕಡೆಗೂ ಇವೆ. ಆದರೆ ಮೂವತ್ತು ಫಿಟ್ಟರ್ ಬೇಕಾದ ಜಾಗದಲ್ಲಿ ಎಚ್‌ಆರ್ ಬೇಕಾಗುವುದು ಒಬ್ಬರು. ಆ ಒಂದು ಕುರ್ಚಿಯ ಸುದ್ದಿಯೂ ಹೊರಬೀಳುವುದು ಕಡಿಮೆ, ಯಾಕೆಂದರೆ ಎಷ್ಟೋ ಸಲ ಈಗಿರುವವರಿಗೆ ಗೊತ್ತಾಗದಂತೆ ಬದಲಿ ಹುಡುಕುತ್ತಿರುತ್ತಾರೆ. ಕಂಪನಿಯ ಎಚ್‌ಆರ್ ಇಮೇಲ್‌ಗೆ ನೀವು ಬಯೋಡೇಟಾ ಕಳಿಸಿದರೆ ಅದನ್ನು ತೆರೆದು ನೋಡುವವರು ಅದೇ ಕುರ್ಚಿಯಲ್ಲಿ ಕೂತವರು. ಉತ್ತರ ಬಾರದಿದ್ದರೆ ನಿಮ್ಮ ಅರ್ಹತೆಯಲ್ಲೇ ಕೊರತೆ ಅಂದುಕೊಳ್ಳಬೇಡಿ. ಕೆಳಗಿನ ದಾರಿಗಳನ್ನು ನಾವು ಬಳಸಿ ನೋಡಿ ಅಳೆದಿರುವುದು ಒಂದೇ ಪ್ರಶ್ನೆಯಿಂದ: ನಿಮ್ಮ ಕಾಗದ ಕೊನೆಗೆ ಯಾರ ಮೇಜಿಗೆ ಮುಟ್ಟುತ್ತದೆ?

ನೌಕ್ರಿ ಮತ್ತು ಲಿಂಕ್ಡ್‌ಇನ್

ಬೆಂಗಳೂರು, ಪುಣೆ ಬೇಕಾದವರಿಗೆ ನೌಕ್ರಿ ಎಂಬ ಉದ್ಯೋಗ ಜಾಲತಾಣವೇ ಮುಂದೆ. ಬೆಳಗಾವಿಗೆ ಅದರ ಪ್ರಯೋಜನ ಅರ್ಧ ಮಾತ್ರ. ಇಲ್ಲಿ ಜಾಹೀರಾತು ನೋಡಿ ಅರ್ಜಿ ಒತ್ತುವುದಕ್ಕಿಂತ ರಿಕ್ರೂಟರ್ ಹುಡುಕಿದಾಗ ಕಣ್ಣಿಗೆ ಬೀಳುವುದು ಮುಖ್ಯ. ಅವರು ಊರು, ಸಂಬಳ, ನೋಟಿಸ್ ಅವಧಿ, ಇತ್ತೀಚೆಗೆ ಲಾಗಿನ್ ಆದವರು ಎಂದು ಫಿಲ್ಟರ್ ಹಾಕಿ ಸೋಸುತ್ತಾರೆ. ಅದಕ್ಕೇ ವಾರಕ್ಕೊಮ್ಮೆಯಾದರೂ ಒಳಹೋಗಿ ಪ್ರೊಫೈಲಿನ ಒಂದು ಸಾಲು ಬದಲಿಸಿ ಉಳಿಸಬೇಕು. 2014ರಲ್ಲೇ ಊರುಗಳ ಹೆಸರು ಬದಲಾಗಿದ್ದರೂ ಹೊರಗಿನವರು ಇಂದಿಗೂ ಬೆಲ್ಗಾಂ, ಬಿಜಾಪುರ ಎಂದೇ ಟೈಪ್ ಮಾಡುತ್ತಾರೆ; ಎರಡೂ ಹೆಸರು ಪ್ರೊಫೈಲಿನಲ್ಲಿರಲಿ. ಬೆಂಗಳೂರಲ್ಲಿದ್ದು ಊರಿಗೆ ಮರಳಬೇಕೆನ್ನುವವರು ಬಯಸುವ ಊರುಗಳ ಪಟ್ಟಿಯಲ್ಲಿ ಬೆಳಗಾವಿಯ ಜೊತೆ ಹುಬ್ಬಳ್ಳಿ, ಕೊಲ್ಹಾಪುರ, ಗೋವಾ ಸೇರಿಸಬೇಕು. 90 ದಿನದ ನೋಟಿಸ್ ಎಂದು ಬರೆದ ಪ್ರೊಫೈಲು ಮೊದಲ ಸೋಸುವಿಕೆಯಲ್ಲೇ ಉದುರುತ್ತದೆ. ರಾಜೀನಾಮೆ ಕೊಟ್ಟಾಗಿದ್ದರೆ ಕೊನೆಯ ದಿನಾಂಕವನ್ನೇ ಹಾಕಿ.

ಬಯೋಡೇಟಾ ಎರಡು ಕಾಲಂ, ಟೇಬಲ್, ಬಣ್ಣದ ಪಟ್ಟಿ ಇರುವ ನಮೂನೆಯಲ್ಲಿದ್ದರೆ ಸಾಫ್ಟ್‌ವೇರ್ ಅದನ್ನು ಅಡ್ಡಾದಿಡ್ಡಿ ಓದಿಕೊಳ್ಳುತ್ತದೆ; ಕಂಪನಿಯ ಹೆಸರು ಹುದ್ದೆಯ ಜಾಗಕ್ಕೆ, ಹುದ್ದೆ ಊರಿನ ಜಾಗಕ್ಕೆ ಹೋಗಿ ಕೂರುತ್ತದೆ. ಒಂದೇ ಕಾಲಂನ ಸಾದಾ ವರ್ಡ್ ಕಡತ ಸಾಕು.

ನೌಕ್ರಿಯ ದೊಡ್ಡ ತಲೆನೋವು ಸುಳ್ಳು ಹೆಸರಿನ ಹುದ್ದೆಗಳು. ‘ಎಚ್‌ಆರ್ ಎಕ್ಸಿಕ್ಯೂಟಿವ್’ ಎಂದು ಕರೆದು ದಿನವಿಡೀ ಫೋನ್ ಮಾಡಿಸುವ ಕೆಲಸ, ಇಲ್ಲವೇ ವಿಮಾ ಏಜೆಂಟರನ್ನು ಸೇರಿಸುವ ಕೆಲಸ ಹೇಳುತ್ತಾರೆ. ಮೊದಲ ಕರೆಯಲ್ಲೇ ಕೇಳಿ: ಕಾರ್ಮಿಕರು ಎಷ್ಟು ಜನ, ಪಿಎಫ್ ರಿಟರ್ನ್ ಯಾರು ಸಲ್ಲಿಸುತ್ತಾರೆ, ತಿಂಗಳ ಟಾರ್ಗೆಟ್ ಏನಾದರೂ ಇದೆಯೇ. ಮೊದಲೆರಡಕ್ಕೆ ಉತ್ತರವಿಲ್ಲದೆ ಮೂರನೆಯದಕ್ಕೆ ಮಾತ್ರ ಇದ್ದರೆ ಅಲ್ಲಿಗೇ ಮುಗಿಸಿ.

ಲಿಂಕ್ಡ್‌ಇನ್‌ನಲ್ಲಿ ಒಂದೇ ಒತ್ತಿಗೆ ಹೋಗುವ ಅರ್ಜಿಗಳು ಇಲ್ಲಿಯ ಕಾರ್ಖಾನೆಗಳ ಮಟ್ಟಿಗೆ ವ್ಯರ್ಥ. ಹತ್ತರಗಿಯ ವಿಮಾನ ಬಿಡಿಭಾಗಗಳ ವಿಶೇಷ ಆರ್ಥಿಕ ವಲಯದಂಥ ಕಡೆ, ದೊಡ್ಡ ಗುಂಪಿನ ಕಂಪನಿಗಳಲ್ಲಿ, ಪ್ಲಾಂಟ್ ಹೆಡ್ ಯಾರೆಂದು ಪತ್ತೆ ಹಚ್ಚಲು ಮಾತ್ರ ಅದು ನಿಜಕ್ಕೂ ಉಪಯೋಗಿ.

ಕಾರ್ಖಾನೆಯ ಗೇಟು

ನಮ್ಮ ಆಯ್ಕೆ ಇದೇ. ಐವತ್ತು, ನೂರು ಜನರ ಫೌಂಡ್ರಿಯಲ್ಲಿ ಎಚ್‌ಆರ್ ನೇಮಕ ನಿರ್ಧರಿಸುವವರು ಮಾಲೀಕರು ಅಥವಾ ವರ್ಕ್ಸ್ ಮ್ಯಾನೇಜರ್. ಅವರು ನೌಕ್ರಿಗೆ ಹಣ ಕಟ್ಟುವುದಿಲ್ಲ. ಗೊತ್ತಿದ್ದವರನ್ನು ಕೇಳುತ್ತಾರೆ, ಪಿಎಫ್ ಕನ್ಸಲ್ಟಂಟರನ್ನು ಕೇಳುತ್ತಾರೆ, ಮೇಜಿನ ಮೇಲಿರುವ ಬಯೋಡೇಟಾ ತಿರುವಿ ಹಾಕುತ್ತಾರೆ.

ಹೋಗುವ ದಿನಕ್ಕೆ ಲೆಕ್ಕವಿದೆ. 7ನೇ ತಾರೀಖಿನೊಳಗೆ ಸಂಬಳ ಆಗಬೇಕು, 15ರೊಳಗೆ ಪಿಎಫ್, ಇಎಸ್‌ಐ ತುಂಬಬೇಕು. ಅಲ್ಲಿಯವರೆಗೆ ಹಾಜರಿ, ಸಂಬಳ ನೋಡುವ ಟೈಂ ಆಫೀಸಿನಲ್ಲಿ ಯಾರೂ ತಲೆ ಎತ್ತುವುದಿಲ್ಲ. 16ರಿಂದ 25ರ ನಡುವೆ, ಮಧ್ಯಾಹ್ನ ಊಟ ಮುಗಿದ ಮೇಲೆ ಹೋಗಿ. ಮೊದಲ ಪಾಳಿ ಬಿಡುವ, ಎರಡನೆಯದು ಹತ್ತುವ ಹೊತ್ತಿಗೆ ಗೇಟಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಆ ಎಸ್ಟೇಟಿನ ವಾರದ ರಜೆ ಯಾವ ದಿನ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಗೇಟಿನಲ್ಲಿ ಬರುವ ಉತ್ತರ ಬಹುತೇಕ ಒಂದೇ: “ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ್ರಿ, ಬಯೋಡೇಟಾ ಇಟ್ಟು ಹೋಗ್ರಿ.” ಸುಮ್ಮನೆ ಇಟ್ಟು ಬಂದರೆ ಅದು ಐಟಿಐ ಹುಡುಗರ ಅರ್ಜಿಗಳ ಗಂಟಿಗೆ ಸೇರುತ್ತದೆ. ಲಕೋಟೆಯ ಮೇಲೆ ವರ್ಕ್ಸ್ ಮ್ಯಾನೇಜರ್ ಹೆಸರು ಬರೆದು, ಒಳಗೆ ಒಂದೇ ಪುಟ ಇಡಬೇಕು. ಹೆಸರು ಗೊತ್ತಿಲ್ಲದಿದ್ದರೆ ಕಾವಲುಗಾರರನ್ನೇ ಕೇಳಿ, “ಅಣ್ಣಾರ, ವರ್ಕ್ಸ್ ಮ್ಯಾನೇಜರ್ ಸಾಹೇಬ್ರ ಹೆಸರೇನ್ರಿ?” ಅಂದರೆ ಹೇಳುತ್ತಾರೆ. ಆ ಪುಟದ ಮೊದಲ ಐದು ಸಾಲಿನಲ್ಲಿ ಇಷ್ಟು ಬರಲಿ: ನೋಡಿಕೊಂಡ ಕಾಯಂ ಕಾರ್ಮಿಕರ ಸಂಖ್ಯೆ, ಗುತ್ತಿಗೆಯವರ ಸಂಖ್ಯೆ, ಸ್ವತಃ ಸಲ್ಲಿಸಿದ ರಿಟರ್ನ್‌ಗಳು, ಎದುರಿಸಿದ ಇನ್‌ಸ್ಪೆಕ್ಷನ್‌ಗಳು, ಬಳಸಿದ ಪೇರೋಲ್ ಸಾಫ್ಟ್‌ವೇರ್. ಕನ್ನಡ, ಮರಾಠಿ, ಹಿಂದಿ ಮೂರೂ ಬಂದರೆ ಅದನ್ನೂ ಮೇಲೆಯೇ ಬರೆಯಿರಿ. ಶಾಪ್ ಫ್ಲೋರಿನಲ್ಲಿ ಮೂರೂ ಬೇಕಾಗುತ್ತವೆ. ‘ಡೈನಾಮಿಕ್’, ‘ಟೀಂ ಪ್ಲೇಯರ್’ ಎಂಬುದನ್ನು ವರ್ಕ್ಸ್ ಮ್ಯಾನೇಜರ್ ಓದುವುದೇ ಇಲ್ಲ.

ಇಲ್ಲಿ ಸಂದರ್ಶನ ಅಂದರೆ ಲೆಕ್ಕ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000 ರೂಪಾಯಿ ಇದ್ದರೆ ಕಾರ್ಮಿಕನ ಪಿಎಫ್ 1,800. ಮಾಲೀಕರ 1,800ರಲ್ಲಿ 1,250 ಪಿಂಚಣಿ ಖಾತೆಗೆ, 550 ಪಿಎಫ್ ಖಾತೆಗೆ. ಇದು ಬಾಯಿಪಾಠ ಇರಲೇಬೇಕು. ಹೆಚ್ಚು ಜನ ಎಡವುವುದು ಇಎಸ್‌ಐನಲ್ಲಿ. ಜೂನ್‌ನಲ್ಲಿ ಒಬ್ಬನ ವೇತನ 20,500ರಿಂದ 22,000ಕ್ಕೆ ಏರಿತು ಅನ್ನಿ. 21,000ದ ಮಿತಿ ದಾಟಿತೆಂದು ಅದೇ ತಿಂಗಳು ಕಡಿತ ನಿಲ್ಲಿಸುವ ಹಾಗಿಲ್ಲ. ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಆದ್ದರಿಂದ ಸೆಪ್ಟೆಂಬರ್ ಮುಗಿಯುವವರೆಗೆ ಪೂರ್ತಿ 22,000ದ ಮೇಲೆ ಅವನಿಂದ 0.75% ಅಂದರೆ 165, ಮಾಲೀಕರಿಂದ 3.25% ಅಂದರೆ 715 ತುಂಬಬೇಕು. ಬೆಂಗಳೂರಿನ ಐಟಿ ಕಂಪನಿಗಳಿಂದ ಬರುವ ಒಳ್ಳೆಯ ಅನುಭವಿಗಳೂ ಇಲ್ಲಿ ತಡವರಿಸುತ್ತಾರೆ, ಯಾಕೆಂದರೆ ಅಲ್ಲಿ ಇದನ್ನೆಲ್ಲ ಹೊರಗಿನ ಏಜೆನ್ಸಿ ಮಾಡಿಕೊಡುತ್ತದೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ಮಾಲೀಕರಿಗೇ ಗೊಂದಲಗಳಿವೆ. ವೇತನದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ 50% ದಾಟಿದರೆ ದಾಟಿದ ಭಾಗ ವೇತನಕ್ಕೇ ಸೇರುತ್ತದೆ ಎಂಬುದನ್ನು ಒಂದು ಸಂಬಳ ಚೀಟಿ ಮುಂದಿಟ್ಟು ಬಿಡಿಸಿ ತೋರಿಸಬಲ್ಲವರ ಮಾತಿಗೆ ಅವರು ಕಿವಿಗೊಡುತ್ತಾರೆ. ಎಂಎಸ್‌ಡಬ್ಲ್ಯೂ ಮಾಡಿದವರು ಇನ್ನೊಂದನ್ನು ಗಮನಿಸಬೇಕು: 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಮಿನಲ್ಲಿ ಕಲ್ಯಾಣಾಧಿಕಾರಿ ಬೇಕಾಗಿದ್ದದ್ದು 500 ಕಾರ್ಮಿಕರಿದ್ದಲ್ಲಿ, ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 250. ಇನ್ನೂರೈವತ್ತು ದಾಟಿದ ಕಾರ್ಖಾನೆಗಳ ಪಟ್ಟಿ ಮಾಡಿಕೊಂಡು ಅಲ್ಲಿಗೆ ಮೊದಲು ಹೋಗಿ.

ಈ ದಾರಿಯ ಕೊರತೆಯೂ ದೊಡ್ಡದೇ. ಎಚ್‌ಆರ್ ಎಂದು ಸೇರಿದವರಿಗೆ ಭದ್ರತೆ, ಕ್ಯಾಂಟೀನ್, ವಾಹನ, ಕೆಲವೆಡೆ ಸ್ಟೋರ್ಸ್ ಕೂಡ ಹೆಗಲಿಗೆ ಬೀಳುತ್ತದೆ. ಸಂಬಳ ಬೆಂಗಳೂರಿಗಿಂತ ಕಡಿಮೆ. ಸೇರುವ ಮೊದಲೇ ಕೆಲಸದ ಪಟ್ಟಿಯನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ಸಕ್ಕರೆ ಕಾರ್ಖಾನೆಗಳು

ಅಥಣಿ, ಚಿಕ್ಕೋಡಿ, ರಾಯಬಾಗ, ಗೋಕಾಕ, ಆಚೆಗೆ ಮುಧೋಳ, ಜಮಖಂಡಿ, ಇಂಡಿ ಕಡೆಯವರಿಗೆ ಮನೆಗೆ ಹತ್ತಿರದ್ದು ಇದು. ಅಕ್ಟೋಬರ್, ನವೆಂಬರ್‌ನಲ್ಲಿ ಕಬ್ಬು ನುರಿಸುವುದು ಶುರುವಾಗುವ ಮೊದಲೇ ಹಂಗಾಮಿನ ನೇಮಕ ಮುಗಿದಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಕೇಳಬೇಕು. ದೀಪಾವಳಿ ಮುಗಿಸಿ ಹೋದರೆ ಬಾಗಿಲು ಮುಚ್ಚಿರುತ್ತದೆ. ಪರಿಚಯದವರ ಮಾತಿಲ್ಲದೆ ಒಳಗೆ ಹೋಗುವುದು ಇಲ್ಲಿ ಉಳಿದೆಲ್ಲ ಕಡೆಗಿಂತ ಕಷ್ಟ. ಹುದ್ದೆ ಕಾಯಂ ರೋಲಿನದೋ ಹಂಗಾಮಿನದೋ, ಹಂಗಾಮಿನದಾದರೆ ಬಿಡುವಿನ ತಿಂಗಳುಗಳಲ್ಲಿ ರಿಟೇನಿಂಗ್ ಭತ್ಯೆ ಎಷ್ಟು ಎಂದು ಕೇಳದೆ ಸಹಿ ಹಾಕಬೇಡಿ.

ಕೂಡಗಿಯ ಎನ್‌ಟಿಪಿಸಿ ವಿದ್ಯುತ್ ಸ್ಥಾವರದಂಥ ಸಾರ್ವಜನಿಕ ಉದ್ದಿಮೆಯ ಗೇಟಿಗೆ ಹೋಗಿ ಫಲವಿಲ್ಲ. ಅಲ್ಲಿಯ ಎಚ್‌ಆರ್ ಹುದ್ದೆಗಳಿಗೆ ಅಖಿಲ ಭಾರತ ಮಟ್ಟದ ಅಧಿಸೂಚನೆ ಬರುತ್ತದೆ. ಉದ್ಯೋಗ ಮೇಳಗಳಲ್ಲಿ ಎಚ್‌ಆರ್ ಹುದ್ದೆ ಅಪರೂಪ, ಆದರೆ ಹತ್ತಾರು ಕಂಪನಿಗಳ ಎಚ್‌ಆರ್‌ಗಳು ಒಂದೇ ಮಂಟಪದಲ್ಲಿ ಕೂತಿರುತ್ತಾರೆ. ಪರಿಚಯ ಮಾಡಿಕೊಳ್ಳಲು ಅಷ್ಟು ಸಾಕು.

ಕನ್ಸಲ್ಟನ್ಸಿ

ಗುಟ್ಟಾಗಿ ಬದಲಿ ಹುಡುಕುವ ಕಂಪನಿಗಳು ಬರುವುದು ಜನರನ್ನು ಹುಡುಕಿಕೊಡುವ ಈ ಏಜೆನ್ಸಿಗಳ ಹತ್ತಿರವೇ. ಹಾಗಾಗಿ ಬಿಡುವಂತಿಲ್ಲ. ನ್ಯಾಯವಾಗಿ ನಡೆಸುವವರು ಕಮಿಷನ್ ಪಡೆಯುವುದು ಕಂಪನಿಯಿಂದ. ಸಾಮಾನ್ಯ ದರ ವಾರ್ಷಿಕ ಸಂಬಳದ 8.33%, ಅಂದರೆ ಒಂದು ತಿಂಗಳ ಸಂಬಳ. ನಿಮ್ಮಿಂದ ನೋಂದಣಿ, ತರಬೇತಿ, ಯೂನಿಫಾರ್ಮ್ ಎಂದು ಹಣ ಕೇಳಿದರೆ ಎದ್ದು ಬನ್ನಿ. ಕಂಪನಿಯ ಹೆಸರು ಹೇಳದೆ ಬಯೋಡೇಟಾ ಕಳಿಸಲು ಒಪ್ಪಬೇಡಿ: ಒಂದೇ ಬಯೋಡೇಟಾ ಇಬ್ಬರು ಕನ್ಸಲ್ಟಂಟರಿಂದ ಒಂದೇ ಕಂಪನಿಗೆ ಹೋದರೆ ಕಮಿಷನ್ ಜಗಳ ಬೇಡವೆಂದು ಅವರು ನಿಮ್ಮನ್ನೇ ಕೈಬಿಡುತ್ತಾರೆ. ಯಾರು, ಯಾವ ದಿನ, ಯಾವ ಕಂಪನಿಗೆ ಕಳಿಸಿದರು ಎಂದು ಒಂದು ವಹಿಯಲ್ಲಿ ಬರೆದಿಡಿ.

ಆಫರ್ ಬಂದಾಗ ಮೊದಲು ನೋಡಬೇಕಾದದ್ದು ಲೆಟರ್‌ಹೆಡ್. ಮಾತಾಡಿದ್ದು ಕಾರ್ಖಾನೆಯವರ ಜೊತೆ, ಪತ್ರ ಕೊಟ್ಟದ್ದು ಗುತ್ತಿಗೆದಾರರು ಎಂದಾದರೆ ನೀವು ಗುತ್ತಿಗೆಯ ರೋಲಿಗೆ ಹೋಗುತ್ತಿದ್ದೀರಿ. ಆಗ ಪಿಎಫ್ ಯಾರ ನೋಂದಣಿ ಕೋಡಿನಲ್ಲಿ ತುಂಬುತ್ತಾರೆ, ಗುತ್ತಿಗೆ ಎಂದು ಮುಗಿಯುತ್ತದೆ, ಮುಗಿದ ಮೇಲೆ ಕಂಪನಿ ರೋಲಿಗೆ ತೆಗೆದುಕೊಳ್ಳುವ ಮಾತು ಪತ್ರದಲ್ಲಿದೆಯೇ ಅಥವಾ ಬಾಯಲ್ಲಷ್ಟೇ ಇದೆಯೇ ಎಂಬುದನ್ನು ಕೇಳಿ, ಬರವಣಿಗೆಯಲ್ಲಿ ಪಡೆದ ಮೇಲೆಯೇ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡಿ.