ಪೀಣ್ಯದ ಮೂರನೇ ಮಹಡಿ ಕನ್ಸಲ್ಟೆನ್ಸಿ: ಐದಕ್ಕೆ ನಾಲ್ಕು ಸ್ಟಾರ್, ಒಂದು ಲಿಫ್ಟಿಗೆ ಕಟ್

ಮೊದ್ಲೇ ಹೇಳ್ಬಿಡ್ತೀನಿ, ಕೆಲಸ ಕೊಡಿಸೋ ಈ ಆಫೀಸಿನ ಹೆಸರು ಬರೆಯಲ್ಲ. ಅದನ್ನ ನಡೆಸೋ ಮೇಡಂಗೆ ರಿವ್ಯೂ ಹಾಕ್ತೀನಿ ಅಂದಿದ್ದಕ್ಕೆ "ಬರಿ, ಆದ್ರೆ ಹೆಸರು ಬೇಡಪ್ಪ, ಈಗ್ಲೇ ಮೆಟ್ಟಿಲ ಮೇಲೆಲ್ಲಾ ಹುಡುಗ್ರು ಕೂತಿರ್ತಾರೆ, ಕೆಳಗಡೆ ಬೇಕರಿಯವನು ನನ್ನ ಬೈತಾನೆ" ಅಂದ್ರು. ಪೀಣ್ಯ ಇಂಡಸ್ಟ್ರಿ ಮೆಟ್ರೋ ಸ್ಟೇಷನ್ ಇಳಿದು ಸ್ವಲ್ಪ ಒಳಗೆ ನಡೀಬೇಕು, ಮೂರನೇ ಮಹಡಿ, ಲಿಫ್ಟ್ ಇದೆ ಆದ್ರೆ ಅದ್ರೊಳಗೆ ನೀರಿನ ಕ್ಯಾನ್ ಜೋಡಿಸಿಟ್ಟಿದಾರೆ. ಈ ಕಡೆ ಕೆಲಸ ಹುಡುಕಿರೋರಿಗೆ ಇಷ್ಟರಲ್ಲೇ ಗೊತ್ತಾಗಿರುತ್ತೆ.

ನನ್ನ ಕಥೆ ಹೇಳ್ಬೇಕು ಅಂದ್ರೆ ವಯಸ್ಸು 41, ಮೆಕ್ಯಾನಿಕಲ್ ಡಿಪ್ಲೊಮಾ, 17 ವರ್ಷ ಕ್ವಾಲಿಟಿಯಲ್ಲೇ, ಅಂದ್ರೆ ತಯಾರಾದ ಪಾರ್ಟ್ ಚೆಕ್ ಮಾಡೋ ಕೆಲಸ, ಕೈಯಲ್ಲಿ ಅಳತೆ ನೋಡೋ ಮೈಕ್ರೋಮೀಟರ್ ಇಲ್ಲ ಅಂದ್ರೆ ಏನೋ ಮರೆತು ಬಂದಿದೀನಿ ಅನ್ಸುತ್ತೆ. ಹಳೇ ಕಂಪನಿಯಲ್ಲಿ ಆರ್ಡರ್ ಕಮ್ಮಿಯಾಗಿ ನಮ್ಮ ಲೈನೇ ನಿಲ್ಲಿಸಿದ್ರು, ಎಂಟು ತಿಂಗಳು ಮನೇಲಿ. ಎಂಟು ತಿಂಗಳು ಅಂದ್ರೆ ಏನು ಅಂತ ಮನೇಲಿ ಕೂತೋರಿಗೇ ಗೊತ್ತು, ಬೆಳಿಗ್ಗೆ ಪಕ್ಕದ ಮನೆಯವರು "ಇವತ್ತು ರಜಾನಾ" ಅಂತ ಕೇಳ್ತಾರೆ ಅಂತ ನಾನು ಟಿಫನ್ ಬಾಕ್ಸ್ ಹಿಡ್ಕೊಂಡು ಮನೆಯಿಂದ ಹೊರಟು ಪಾರ್ಕಲ್ಲಿ ಕೂತು ಚಿತ್ರಾನ್ನ ತಿಂದು ಬಂದಿದ್ದೂ ಇದೆ.

ಈ ಟೈಮಲ್ಲಿ ಏನೇನೋ ನೋಡಿದೆ. ಒಂದು ಕಡೆ ರಿಜಿಸ್ಟ್ರೇಷನ್ ಫೀಸ್ ಅಂತ 2,500 ಇಸ್ಕೊಂಡ್ರು, ಆಮೇಲೆ ಫೋನ್ ಸ್ವಿಚ್ ಆಫ್. ಇನ್ನೊಂದು ಕಡೆ ಇಂಟರ್ವ್ಯೂನೇ ಫೋನಲ್ಲಿ, ಆದ್ರೆ ಆ ಕಡೆ ಮನುಷ್ಯರೇ ಇಲ್ಲ. ಪ್ರಶ್ನೆ ಸ್ಕ್ರೀನ್ ಮೇಲೆ ಬರುತ್ತೆ, 30 ಸೆಕೆಂಡು ಯೋಚನೆ ಮಾಡಿ ಅನ್ನುತ್ತೆ, ಆಮೇಲೆ ನಮ್ಮ ಮುಖ ನಾವೇ ನೋಡ್ಕೊಂಡು ಉತ್ತರ ಹೇಳ್ಬೇಕು. ಮಗಳು ಫೋನ್ ಹಿಡ್ಕೊಂಡಿದ್ಲು. ನಾನು "ಐ ಆಮ್ ಎ ಡೆಡಿಕೇಟೆಡ್..." ಅನ್ನೋಷ್ಟರಲ್ಲಿ ಒಳಗೆ ಕುಕ್ಕರ್ ಕೂಗ್ತು, ಮಗಳು ಕಿಸಕ್ಕನೆ ನಕ್ಲು, ಫೋನ್ ಅಲ್ಲಾಡ್ತು, ನನಗೂ ನಗು ಬಂತು. ಎದುರಿಗೆ ಒಬ್ಬ ಮನುಷ್ಯ ಇದ್ದಿದ್ರೆ "ಏನ್ ಸಾರು ಇವತ್ತು" ಅಂತಿದ್ದ, ಅಲ್ಲಿಗೆ ಅರ್ಧ ಭಯ ಹೋಗ್ತಿತ್ತು. ಆ ಸ್ಕ್ರೀನ್ ಮಾತ್ರ 12, 11, 10 ಅಂತ ಎಣಿಸ್ತಾನೇ ಇತ್ತು. ರಾತ್ರಿ ಎರಡು ಗಂಟೆಗೆ ರಿಜೆಕ್ಟ್ ಮೇಲ್ ಬಂತು, ಕೆಳಗೆ ಇದಕ್ಕೆ ರಿಪ್ಲೈ ಮಾಡ್ಬೇಡಿ ಅಂತ ಬೇರೆ. (ಅಮೆರಿಕದಲ್ಲಿ ಇಂಥ ವಿಡಿಯೋ ಇಂಟರ್ವ್ಯೂ ನಡೆಸೋ ಹೈರ್‌ವ್ಯೂ ಅನ್ನೋ ಕಂಪನಿ ಮುಖದ ಚಹರೆ ನೋಡಿ ಮಾರ್ಕ್ಸ್ ಹಾಕೋದನ್ನ ಕೈಬಿಟ್ವಿ ಅಂತ 2021ರಲ್ಲೇ ಹೇಳ್ಕೊಳ್ತು. ನನ್ನ ಮುಖಕ್ಕೆ ಎಷ್ಟು ಹಾಕಿದ್ರೋ ದೇವರಿಗೇ ಗೊತ್ತು.)

ಇನ್ನೊಂದು ಇಂಟರ್ವ್ಯೂ ಅಂತೂ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಎಚ್‌ಆರ್ ಹುಡುಗ, ನನ್ನ ತಮ್ಮನಿಗಿಂತ ಚಿಕ್ಕೋನು, "ಅಂಕಲ್, ನೈಟ್ ಶಿಫ್ಟಲ್ಲಿ ನಿದ್ದೆ ಬರಲ್ವಾ" ಅಂದ, ಪಕ್ಕದಲ್ಲಿದ್ದ ಇಬ್ರೂ ನಕ್ರು, ನಾನೂ ನಕ್ಕೆ, ನಗದೇ ಇನ್ನೇನು ಮಾಡ್ಲಿ ಕೆಲಸ ಬೇಕಲ್ಲ. ಬಸ್ಸಲ್ಲಿ ಬರ್ತಾ ಆ ನನ್ನ ನಗು ಇದೆಯಲ್ಲ, ಅದಕ್ಕೇ ಜಾಸ್ತಿ ಬೇಜಾರಾಗಿದ್ದು.

ಹಿಂಗಿರೋವಾಗ ಹಳೇ ಕಂಪನಿಯ ಮಷಿನ್ ಸೆಟ್ಟರ್ ಒಬ್ರು ಈ ಮೇಡಂ ಹತ್ರ ಹೋಗು ಅಂದ್ರು. ಹೋದೆ. ಒಂದೇ ರೂಮು, ಎರಡು ಟೇಬಲ್ಲು, ಗೋಡೆ ತುಂಬಾ ಬಾಕ್ಸ್ ಫೈಲು, ಕಂಪ್ಯೂಟರ್ ಮುಂದೆ ಒಬ್ಬಳು ಹುಡುಗಿ. ಮೇಡಂಗೆ 60ರ ಹತ್ರ ಇರ್ಬೋದು, ಎಚ್‌ಆರ್ ಅನ್ನೋ ಹೆಸರು ಬರೋಕೆ ಮುಂಚೆ ಫ್ಯಾಕ್ಟರಿಗಳಲ್ಲಿ ಪರ್ಸೊನೆಲ್ ಡಿಪಾರ್ಟ್‌ಮೆಂಟ್ ಅಂತಿತ್ತಲ್ಲ, ಆ ಕಾಲದೋರು. ನಾನು ಕೂರ್ತಿದ್ದ ಹಾಗೇ ಜೇಬಿಂದ ದುಡ್ಡು ತೆಗೆದೆ, ಎಷ್ಟು ಮೇಡಂ ಅಂತ. "ಒಳಗಿಡು ಅದನ್ನ" ಅಂದ್ರು. ಕ್ಯಾಂಡಿಡೇಟ್ ಹತ್ರ ಒಂದು ರೂಪಾಯಿನೂ ತಗೊಳ್ಳಲ್ಲ, ಸೇರಿಸ್ಕೊಂಡ ಕಂಪನಿಯವರೇ ವರ್ಷದ ಸಿಟಿಸಿಯಲ್ಲಿ (ನಮಗೆ ಅಂತ ಕಂಪನಿ ಮಾಡೋ ಒಟ್ಟು ಖರ್ಚು) 8.33 ಪರ್ಸೆಂಟ್ ಕೊಡ್ತಾರೆ, ಅಂದ್ರೆ ಒಂದು ತಿಂಗಳ ಸಂಬಳದಷ್ಟು. ನನಗೆ ಆ 8.33 ಎಲ್ಲೋ ಕೇಳಿದ ನಂಬರ್ ಅನ್ನಿಸ್ತು, ಪಿಎಫ್‌ನಲ್ಲಿ ಕಂಪನಿ ಹಾಕೋ 12 ಪರ್ಸೆಂಟಲ್ಲಿ 8.33 ಪೆನ್ಷನ್‌ಗೆ ಹೋಗುತ್ತಲ್ಲ, ಅದೇ ತಲೇಲಿತ್ತು, "ಅಯ್ಯೋ ನನ್ನ ಪೆನ್ಷನ್ ದುಡ್ಡು ನಿಮಗೆ ಬರುತ್ತಾ ಮೇಡಂ" ಅಂತ ಕೇಳೇಬಿಟ್ಟೆ. ಮೇಡಂ ನಕ್ಕ ನಗುವಿಗೆ ಕನ್ನಡಕ ಟೇಬಲ್ ಮೇಲೆ ಬಿತ್ತು. "ಬಂದಿದ್ರೆ ನಾನು ಈ ಲಿಫ್ಟ್ ಓಡದಿರೋ ಬಿಲ್ಡಿಂಗಲ್ಲಿ ಯಾಕಪ್ಪ ಕೂತಿರ್ತಿದ್ದೆ" ಅಂದ್ರು. ಎಂಟು ತಿಂಗಳಲ್ಲಿ ಒಬ್ಬ ಹೊರಗಿನೋರ ಮುಂದೆ ನಾನು ಸರಿಯಾಗಿ ನಕ್ಕಿದ್ದು ಅದೇ ಮೊದ್ಲು.

ಆಮೇಲೆ ಪ್ರಾಕ್ಟೀಸ್ ಶುರು. ಹೇಳು ನಿನ್ನ ಬಗ್ಗೆ ಅಂದ್ರು. ನಾನು ಬಾಯಿಪಾಠ ಬಿಟ್ಟೆ, "ಮೈಸೆಲ್ಫ್ ಫ್ರಮ್ ತಿಪಟೂರು, ಐ ಆಮ್ ಹಾರ್ಡ್‌ವರ್ಕಿಂಗ್, ಪಂಕ್ಚುಯಲ್..." ಮೇಡಂ ಕೈ ಎತ್ತಿ ನಿಲ್ಲಿಸಿದ್ರು. "ಪಂಕ್ಚುಯಲ್ ಅಂತ ನೀನೇ ಹೇಳ್ತೀಯ, ಇವತ್ತು 20 ನಿಮಿಷ ಲೇಟಾಗಿ ಬಂದಿದೀಯ. ಅದ್ ಬಿಡು, ತಿಪಟೂರಲ್ಲಿ ಮನೇಲಿ ಏನ್ ಮಾಡ್ತಿದ್ರಿ?" ತೋಟ ಇದೆ ಮೇಡಂ, ಕೊಬ್ಬರಿ. "ಕೊಬ್ಬರಿ ಆಗಿದೆ ಅಂತ ಹೆಂಗೆ ಗೊತ್ತಾಗುತ್ತೆ?" ಅದು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಹಾಕಿರ್ತೀವಿ ಮೇಡಂ, ಒಳಗಿನ ನೀರೆಲ್ಲಾ ಇಂಗಬೇಕು, ಕಾಯಿ ಕೈಗೆ ತಗೊಂಡು ಕಿವಿ ಹತ್ರ ಅಲ್ಲಾಡಿಸಿದ್ರೆ ಒಳಗೆ ಲೊಡಲೊಡ ಅನ್ಬೇಕು, ನೀರಿನ ಸದ್ದು ಬಂದ್ರೆ ವಾಪಸ್ ಅಟ್ಟಕ್ಕೆ, ನಮ್ಮಪ್ಪ ಹತ್ತು ವರ್ಷಕ್ಕೇ ನನ್ನ ಕೂರಿಸ್ತಿದ್ರು, ತಪ್ಪು ಕಾಯಿ ಸುಲಿದ್ರೆ ತಲೆ ಮೇಲೆ ಮೊಟಕೋರು... ಹೇಳ್ತಾ ಹೇಳ್ತಾ ಐದು ನಿಮಿಷ ಆಗಿತ್ತು, ನಾನು ಕೈಯಲ್ಲಿ ಇಲ್ಲದಿರೋ ಕಾಯಿ ಅಲ್ಲಾಡಿಸ್ತಾ ಇದ್ದೆ. ಮೇಡಂ ಅಂದ್ರು, "ನೋಡು, ಈಗ ಇನ್‌ಸ್ಪೆಕ್ಟರ್ ಕಾಣಿಸ್ದ. ಆಗ ಮಾತಾಡಿದ್ದು ಯಾರೋ ಇಂಗ್ಲಿಷ್ ಗೈಡು." ನಾನೂ ಜೋಶಲ್ಲಿ ಹೌದು ಮೇಡಂ, ಗೋ ನೋ-ಗೋ ಗೇಜ್ (ಪೀಸ್ ಪಾಸಾ ಫೇಲಾ ಅಂತಷ್ಟೇ ಹೇಳೋ ಗೇಜ್) ಇದ್ದ ಹಾಗೆ, ಲೊಡಲೊಡ ಅಂದ್ರೆ ಗೋ, ನೀರು ಕುಲುಕಿದ್ರೆ ನೋ-ಗೋ ಅಂದೆ. ಮೇಡಂಗೆ ಅದು ಸಕತ್ ಇಷ್ಟ ಆಗೋಯ್ತು. ಕಂಪ್ಯೂಟರ್ ಹುಡುಗಿನೂ ತಿರುಗಿ ನಕ್ಲು.

ತಮಾಷೆ ಬಗ್ಗೆ ಮೇಡಂದು ಒಂದೇ ಕಟ್ಟುನಿಟ್ಟು. ಕೆಲಸದ ಬಗ್ಗೆ ನಗು, ನಿನ್ನ ಬಗ್ಗೆ ನೀನೇ ಸ್ವಲ್ಪ ನಗು, ಬೇರೆಯೋರ ಬಗ್ಗೆ ಬೇಡ, ಹಳೇ ಕಂಪನಿ ಬಗ್ಗೆ ಬೇಡವೇ ಬೇಡ. ಆ ಎಂಟು ತಿಂಗಳ ಬಗ್ಗೆ ಕೇಳಿದಾಗ ಜೋಕ್ ಹೊಡೆದ್ರೆ ಏನೋ ಮುಚ್ಚಿಡ್ತಿದಾನೆ ಅನ್ಕೊತಾರೆ, ಲೈನ್ ನಿಲ್ಲಿಸಿದ್ರು, ಹುಡುಕ್ತಾ ಇದೀನಿ ಅಂತ ಎರಡೇ ಮಾತಲ್ಲಿ ಹೇಳಿ ಸುಮ್ನಾಗು ಅಂದ್ರು. ಆ "ಅಂಕಲ್" ಕಥೆ ಹೇಳಿದೆ. ಮೇಡಂ ನಗಲಿಲ್ಲ, ಕಂಪನಿ ಯಾವ್ದು ಅಂತ ಕೇಳಿ ಡೈರಿಯಲ್ಲಿ ಏನೋ ಬರ್ಕೊಂಡ್ರು. ಏನು ಬರ್ಕೊಂಡ್ರೋ ನಾನು ಕೇಳಲಿಲ್ಲ.

ಮೂರು ವಾರ ಆದ್ಮೇಲೆ ಇಂಟರ್ವ್ಯೂ, ಪೀಣ್ಯ ಎರಡನೇ ಹಂತದಲ್ಲೇ, ಆಟೋ ಪಾರ್ಟ್ಸ್ ಮಾಡೋರು. ಹುರುಪಲ್ಲಿ ಹೋಗಿ ಮೊದಲ ಪ್ರಶ್ನೆಗೇ ಆ ಕೊಬ್ಬರಿ ಜೋಕ್ ಬಿಟ್ಟೆ. ಠುಸ್. ಎಚ್‌ಆರ್ ಮೇಡಂ ಉತ್ತರ ಭಾರತದೋರು, ಅವರಿಗೆ ಅಟ್ಟ ಏನು ಕೊಬ್ಬರಿ ಏನು, ಇಂಗ್ಲಿಷಲ್ಲಿ ವಿವರಿಸೋಕೆ ಹೋಗಿ ಇನ್ನೂ ಕೆಡ್ತು, ಜೋಕಿಗೆ ಫುಟ್‌ನೋಟ್ ಬರೆಯೋ ಪರಿಸ್ಥಿತಿ ಯಾರಿಗೂ ಬೇಡ. ಕಟ್ಕೊಂಡು ಹೋದ ಬುತ್ತಿ ಹಳಸ್ದಂಗೆ. ಬೆವರು ಬರೋಕೆ ಶುರುವಾಯ್ತು.

ಪಕ್ಕದಲ್ಲಿ ಪ್ಲಾಂಟ್ ಹೆಡ್ ಇದ್ರು, ಕೊಯಮತ್ತೂರಿನ ಕಡೆಯೋರು, ಕನ್ನಡ ಚೆನ್ನಾಗೇ ಮಾತಾಡ್ತಾರೆ. ಹಳೇ ಕಂಪನಿ ಯಾಕೆ ಬಿಟ್ರಿ? ಲೈನ್ ನಿಲ್ಲಿಸಿದ್ರು ಸರ್. ಯಾಕೆ ನಿಲ್ಲಿಸಿದ್ರು? ಆರ್ಡರ್ ಇಲ್ಲ ಸರ್. ಯಾಕೆ ಆರ್ಡರ್ ಇಲ್ಲ? ನನ್ನ ಬಾಯಿಂದ ತಂತಾನೇ ಬಂತು, "ಸರ್, ಇನ್ನೆರಡು ವೈ ಬಾಕಿ ಇದೆ." ಕ್ವಾಲಿಟಿಯಲ್ಲಿ ಇರೋರಿಗೆ ಗೊತ್ತು, ಕಸ್ಟಮರ್ ಕಂಪ್ಲೇಂಟ್ ಬಂದ್ರೆ ಐದು ಸಲ ಯಾಕೆ ಯಾಕೆ ಅಂತ ಕೇಳಿ ಮೂಲ ಕಾರಣ ಹಿಡೀಬೇಕು, ಟೊಯೋಟಾದಿಂದ ಬಂದಿದ್ದು, ದಿನಾ ನಾವು ಆಪರೇಟರ್‌ಗಳ ಜೀವ ತಿನ್ನೋದೇ ಇದ್ರಲ್ಲಿ. ಪ್ಲಾಂಟ್ ಹೆಡ್ ಒಂದು ಸೆಕೆಂಡ್ ನನ್ನನ್ನೇ ನೋಡಿದ್ರು, ಸತ್ತೆ ಅನ್ಕೊಂಡೆ. ಆಮೇಲೆ ಜೋರಾಗಿ ನಕ್ಕು ಎಚ್‌ಆರ್ ಮೇಡಂಗೆ ಅವರೇ ವಿವರಿಸಿದ್ರು, ಅವರೂ ನಕ್ರು. ಟೀ ಬಂತು. ಟೀ ಜೊತೆಗೇ ಡ್ರಾಯರಿಂದ ಒಂದು ರಿಜೆಕ್ಟ್ ಪೀಸ್ ತೆಗೆದು ಕೈಗೆ ಕೊಟ್ರು, "ಇದ್ರಲ್ಲಿ ಏನ್ ತೊಂದ್ರೆ ಹೇಳಿ, ಟೈಮ್ ತಗೊಳ್ಳಿ" ಅಂತ. ಡೈಮೆನ್ಷನ್ ಎಲ್ಲಾ ಸರಿ ಇತ್ತು. ಅಡ್ಡ ತೂತಿನ ಒಳಗಂಚಿಗೆ ಉಗುರು ಹಾಕಿ ಸುತ್ತಿಸಿದೆ, ಒಂದು ಕಡೆ ಸಿಕ್ಕಾಕೊಳ್ತು, ಬರ್ ಇತ್ತು, ಅಂದ್ರೆ ತೂತು ಕೊರೆದಾಗ ಅಂಚಲ್ಲಿ ಉಳಿಯೋ ಸಣ್ಣ ಚೂಪು, ಕಣ್ಣಿಗೆ ಕಾಣಲ್ಲ. ಅಷ್ಟೇ. ಅದಾದ್ಮೇಲೆ ಅರ್ಧ ಗಂಟೆ ನಾವಿಬ್ರೂ ಬರ್ ಬಗ್ಗೆನೇ ಮಾತಾಡಿದ್ವಿ, ಇಂಟರ್ವ್ಯೂ ನಡೀತಿದೆ ಅನ್ನೋದೇ ಮರ್ತೋಗಿತ್ತು. ಕೆಲಸ ಸಿಕ್ಕಿದ್ದು ಬರ್ ಹಿಡಿದಿದ್ದಕ್ಕೇ, ಜೋಕಿಗಲ್ಲ, ಅದ್ರಲ್ಲಿ ನನಗೆ ಡೌಟಿಲ್ಲ. ಆದ್ರೆ ಆ ನಗು ಇಲ್ದಿದ್ರೆ ನಡುಗೋ ಕೈಯಲ್ಲಿ ಉಗುರಿಗೆ ಏನು ಗೊತ್ತಾಗ್ತಿತ್ತು ಹೇಳಿ.

ಈಗ ಕಂಪ್ಲೇಂಟು. ಫೋನ್ ಎತ್ತಲ್ಲ, ಹತ್ತು ಸಲ ಮಾಡಿದ್ರೆ ಒಂದು ಸಲ. ನನ್ನ ರೆಸ್ಯೂಮೆಯಲ್ಲಿ ಎಕ್ಸ್‌ಪೀರಿಯನ್ಸ್ 17 ಹೋಗಿ 7 ಆಗಿತ್ತು, ಇಂಟರ್ವ್ಯೂ ಹಿಂದಿನ ದಿನ ನಾನೇ ನೋಡಿ ಸರಿ ಮಾಡಿಸಿದ್ದು. ಸಂಬಳದ ಮಾತು ಬಂದಾಗ ಮೇಡಂ ಕಂಪನಿ ಕಡೆ ಸ್ವಲ್ಪ ವಾಲ್ತಾರೆ ಅಂತ ನನಗನ್ನಿಸ್ತು, ನಾನು 42 ಸಾವಿರ ಕೇಳಿದ್ದೆ, 36ಕ್ಕೆ ಒಪ್ಕೊ ಒಪ್ಕೊ ಅಂತ ಎರಡು ದಿನ ತಲೆ ತಿಂದ್ರು, ಒಪ್ಕೊಂಡೆ. ಹರಟೆ ಹೊಡೆದ್ರೆ ಸಂಬಳ ಏರಲ್ಲ ಸ್ವಾಮಿ. ಸೇರಿದ್ಮೇಲೂ ಹದಿನೈದು ದಿನಕ್ಕೊಂದು ಫೋನು, "ಹೆಂಗಿದೀಯಪ್ಪ, ಊಟ ಕ್ಯಾಂಟೀನಲ್ಲಾ ಮನೇದಾ" ಅಂತ. ಎಂಥಾ ಪ್ರೀತಿ ಅನ್ಕೊಂಡಿದ್ದೆ. ಆಮೇಲೆ ಕಂಪ್ಯೂಟರ್ ಹುಡುಗಿ ಹೇಳಿದ್ಲು, 90 ದಿನದೊಳಗೆ ನಾನು ಬಿಟ್ರೆ ಕಂಪನಿಗೆ ಫ್ರೀಯಾಗಿ ಇನ್ನೊಬ್ಬರನ್ನ ಹುಡುಕಿಕೊಡ್ಬೇಕು ಅಂತ ಅಗ್ರಿಮೆಂಟಂತೆ. ಇರ್ಲಿ. ಆ 90 ದಿನ ಮುಗಿದು ನಾಲ್ಕು ತಿಂಗಳಾಯ್ತು, ಹೋದ ವಾರನೂ ಫೋನ್ ಬಂದಿತ್ತು.

ಊರಿಂದ ಬರ್ತಾ ಹತ್ತು ಕಾಯಿ ತಂದು ಕೊಟ್ಟೆ, ಸುಲಿಯದೇ ಇರೋದು. ಮೇಡಂ ಒಂದೊಂದನ್ನೂ ಕಿವಿ ಹತ್ರ ಅಲ್ಲಾಡಿಸಿ ಎರಡನ್ನ ವಾಪಸ್ ಕೊಟ್ರು. ನಾನೂ ಅಲ್ಲಾಡಿಸಿ ನೋಡಿದೆ, ಕರೆಕ್ಟಾಗೇ ಹೇಳಿದ್ರು.

ಹೋಗೋರು ಸೋಮವಾರ ಬಿಟ್ಟು ಹೋಗಿ, ಅವತ್ತು ಐಟಿಐ ಹುಡುಗರ ಜಾತ್ರೆ. ಹನ್ನೊಂದರೊಳಗೆ ಹೋದ್ರೆ ಒಳ್ಳೇದು. ಮೂರು ತಿಂಗಳ ಪೇಸ್ಲಿಪ್, ರಿಲೀವಿಂಗ್ ಲೆಟರ್ ಎರಡೆರಡು ಜೆರಾಕ್ಸ್ ಇಟ್ಕೊಳ್ಳಿ, ಅಲ್ಲಿ ಜೆರಾಕ್ಸ್ ಮಷಿನ್ ಇಲ್ಲ. ಗಾಡಿ ನಿಲ್ಸೋಕೆ ಜಾಗ ಇಲ್ಲ, ಬೇಕರಿ ಮುಂದೆ ನಿಲ್ಸಿದ್ರೆ ಅವನು ಬೈತಾನೆ, ಒಂದು ದಿಲ್ ಪಸಂದ್ ತಗೊಂಡ್ರೆ ಸುಮ್ನಾಗ್ತಾನೆ.